ಅಂಚಿನಲ್ಲಿ ಬರೆದ ಆ ಸಾಲು

ಪುಟ್ಟಿ,

ನಿನ್ನ ಕಾಗದ ಬಂದು ಎಂಟು ದಿನ ಆಯಿತು. ಬಾಡಿಗೆ, ಚಳಿ, ಭಾಷೆಯ ಪರೀಕ್ಷೆ ಎಲ್ಲ ಓದಿದೆ. ಅವನ್ನೆಲ್ಲ ನೀನು ನಿಭಾಯಿಸುತ್ತೀಯ. ಆದರೆ ಕೊನೆಯ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀಯಲ್ಲ, "ದೊಡ್ಡಪ್ಪಾ, ನಾನು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಹೋಗ್ತೀನೇನೋ" ಅಂತ, ಅದು ನನಗೆ ನಿದ್ದೆ ಮಾಡಲು ಬಿಟ್ಟಿಲ್ಲ.

ನಿನ್ನೆ ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ ಬರುವಾಗ ಕೃಂಬಿಗಲ್ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಆ ಹೆಸರನ್ನು ದಿನಾ ಓದುತ್ತೇನೆ. ನಿನ್ನೆ ಮಾತ್ರ ನಿನ್ನ ಸಾಲು ನೆನಪಾಯಿತು. ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರ ಕೃಂಬಿಗಲ್ ಅವರ ಹೆಸರು ಅದು. ಅವರು ಹುಟ್ಟಿದ ಲೋಮೆನ್, ಜರ್ಮನಿಯಲ್ಲಿ ನೀನಿರುವ ಡ್ರೆಸ್ಡೆನ್ ಹತ್ತಿರದ ಊರು. ತೋಟದ ಕೆಲಸ ಕಲಿತಿದ್ದು ಅಲ್ಲೇ ಡ್ರೆಸ್ಡೆನ್‌ನ ಪಿಲ್‌ನಿಟ್ಸ್ ಅರಮನೆಯಲ್ಲಿ. ಆಮೇಲೆ ಲಂಡನ್ನಿನ ಕ್ಯೂ ಅನ್ನುವ ಸಸ್ಯತೋಟ. 1893ರಲ್ಲಿ ಬರೋಡಾ ಮಹಾರಾಜರ ತೋಟಗಳಿಗೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ, ನಮ್ಮ ಲಾಲ್‌ಬಾಗ್‌ಗೆ. ಆಗ ಅವರಿಗೆ ನಲವತ್ತು ದಾಟಿತ್ತು. ನಿನಗೆ ಇನ್ನೂ ಇಪ್ಪತ್ತೈದು.

ಎಷ್ಟು ಸಲ ಬೇರು ಕಿತ್ತು ನೆಟ್ಟ ಜೀವ ನೋಡು ಅದು. ಸರಿಯಾಗಿ ಅಂಟಿಕೊಂಡರು ಅನ್ನುವಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಜರ್ಮನ್ ಅನ್ನುವ ಕಾರಣಕ್ಕೆ, ಎಪ್ಪತ್ತು ದಾಟಿದ ಮನುಷ್ಯನನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಆ ದಿನಗಳಲ್ಲಿ ಅವರ ಮನಸ್ಸಿಗೂ ನಿನ್ನ ಈ ಸಾಲು ಬಂದೇ ಬಂದಿರಬೇಕು ಅನ್ನಿಸುತ್ತೆ ನನಗೆ. ಅಷ್ಟು ಕೆಲಸ ಮಾಡಿದವರಿಗೇ ಬಂದ ಭಯವನ್ನು ನಿನಗೆ ಬರಬಾರದು ಅಂತ ಹೇಗೆ ಹೇಳಲಿ?

ನನಗೂ ಬಂದಿತ್ತು. ಇದು ನಿನ್ನಪ್ಪನಿಗೂ ಗೊತ್ತಿಲ್ಲ. ನಾನು ಪುಣೆಯಿಂದ ವಾಪಸ್ ಬಂದಿದ್ದು ಅವ್ವನಿಗೆ ಹುಷಾರಿಲ್ಲ ಅಂತ ಅಲ್ಲ. ಅವ್ವ ಚೆನ್ನಾಗಿಯೇ ಇದ್ದಳು. ಅಲ್ಲಿನ ನರ್ಸರಿಯಲ್ಲಿ ಸಂಜೆಯಾದರೆ ಎಲ್ಲರೂ ಮರಾಠಿಯಲ್ಲಿ ನಗುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಸಿ ಚಾಕು ಮಸೆಯುತ್ತಿದ್ದೆ. ಮೂರೂವರೆ ತಿಂಗಳು, ಅಷ್ಟೇ. ಹೊರಡುವ ಹಿಂದಿನ ದಿನ ಹದಿನೇಳು ಮಾವಿನ ಕಸಿ ಕಟ್ಟಿದ್ದೆ. ಕಡ್ಡಿಯನ್ನು ಓರೆಯಾಗಿ ಕೊಯ್ದು, ಸಿಪ್ಪೆಗೆ ಸಿಪ್ಪೆ ಕೂರಿಸಿ, ಪಟ್ಟಿ ಬಿಗಿದು. ಮೂರು ನಾಲ್ಕು ವಾರ ಕಾಯಬೇಕು, ಹಿಡಿಯಿತೋ ಒಣಗಿತೋ ತಿಳಿಯಲು. ಕಾಯಲಿಲ್ಲ ನಾನು. ರೈಲು ಹತ್ತಿದೆ. ಇಷ್ಟು ವರ್ಷವಾದರೂ ಮಾವು ಚಿಗುರುವ ಕಾಲ ಬಂದರೆ ಆ ಹದಿನೇಳೂ ಕಣ್ಣ ಮುಂದೆ ಬರುತ್ತವೆ.

ಕಸಿ ಕಟ್ಟಿದ ಹೊಸ ಹುಡುಗರು ಒಂದು ತಪ್ಪು ಮಾಡುತ್ತಾರೆ. ಹಿಡಿದಿದೆಯಾ ಅಂತ ನೋಡಲು ನಡುವೆ ಪಟ್ಟಿ ಬಿಚ್ಚುತ್ತಾರೆ. ನೀನು ದಿನಾ ರಾತ್ರಿ ಅದನ್ನೇ ಮಾಡುತ್ತಿದ್ದೀಯೇನೋ ಅಂತ ನನ್ನ ಹೆದರಿಕೆ. ತಪ್ಪು ತಿಳಿಯಬೇಡ, ಗಿಡದ ಮಾತು ಬಿಟ್ಟರೆ ನನಗೆ ಬೇರೆ ಬರುವುದಿಲ್ಲ.

ಒಂದು ಭಾನುವಾರ ಪಿಲ್‌ನಿಟ್ಸ್‌ಗೆ ಹೋಗಿ ಬಾ. ಅಲ್ಲಿ ಒಂದು ಹಳೇ ಕಮೀಲಿಯಾ ಹೂಗಿಡ ಇದೆ. 1801ರಿಂದ ಅದೇ ಜಾಗದಲ್ಲಿ ನೆಲದಲ್ಲೇ ಬೆಳೆಯುತ್ತಿದೆ. ಜಪಾನಿನ ಕಡೆಯ ಗಿಡ, ಅಲ್ಲಿನ ಚಳಿ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೆ ಚಳಿಗಾಲ ಬಂದರೆ ಅದರ ಮೇಲೆ ಮನೆಯನ್ನೇ ತಂದು ನಿಲ್ಲಿಸುತ್ತಾರೆ. ಈಗ ಹಳಿಯ ಮೇಲೆ ಓಡುವ ಗಾಜಿನ ಮನೆ, ಹಿಂದೆ ಮರದ್ದಿತ್ತು. 1905ರ ಜನವರಿಯಲ್ಲಿ ಆ ಮರದ ಮನೆಗೆ ಬೆಂಕಿ ಬಿತ್ತು. ಆರಿಸಲು ಹಾಕಿದ ನೀರು ಗಿಡದ ಮೇಲೇ ಹೆಪ್ಪುಗಟ್ಟಿತು. ಆ ಮಂಜಿನ ಒಳಗೇ ಅದು ಉಳಿದುಕೊಂಡು, ಮತ್ತೆ ಚಿಗುರಿತು. ಇನ್ನೂರು ವರ್ಷ ದಾಟಿದರೂ ಅದಕ್ಕೆ ಚಳಿಗಾಲದಲ್ಲಿ ಹೊದಿಕೆ ಬೇಕೇ ಬೇಕು, ಪುಟ್ಟಿ. ಅದನ್ನು ಯಾರೂ ಅಲ್ಲಿಗೆ ಸಲ್ಲದ ಗಿಡ ಅನ್ನುವುದಿಲ್ಲ. ನಿನಗೂ ಒಂದು ಹೊದಿಕೆ ಬೇಕಾದರೆ ಇಟ್ಟುಕೋ. ಕನ್ನಡದವರು ಯಾರಾದರೂ ಸಿಕ್ಕರೆ ಬಿಡಬೇಡ. ಒಂದು ಹೊತ್ತಾದರೂ ಬಿಸಿ ಸಾರು ಮಾಡಿಕೊಂಡು ಉಣ್ಣು.

ಮತ್ತೆ ಅದೇ ಮಾತಿಗೆ ಬರುತ್ತಿದ್ದೇನೆ. ಕೃಂಬಿಗಲ್ 1932ರಲ್ಲಿ ನಿವೃತ್ತರಾದರು, ಆದರೂ ಊರಿಗೆ ಹೊರಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯಲ್ಲಿದೆ, ಒಮ್ಮೆ ಹೋಗಿದ್ದೆ. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂವಿರಬೇಕು ಅಂತ ಆರಿಸಿ ಆರಿಸಿ ನೆಡಿಸಿದವರು. ನೀನು ಸ್ಕೂಲಿಗೆ ಹೋಗುವಾಗ ಗುಲ್‌ಮೊಹರ್ ಮೊಗ್ಗು ಬಿಡಿಸಿ ಉಗುರಿಗೆ ಅಂಟಿಸಿಕೊಳ್ಳುತ್ತಿದ್ದೆಯಲ್ಲ, ಆ ಮರ ಮಡಗಾಸ್ಕರ್‌ನದು. ನಮ್ಮದಲ್ಲ ಅಂತ ನಮಗೆ ಒಂದು ದಿನವೂ ಅನ್ನಿಸಲಿಲ್ಲ, ಅಲ್ವಾ?

ವಾಪಸ್ ಬರಬೇಕು ಅನ್ನಿಸಿದರೆ ಬಾ. ನಿನ್ನ ಕೋಣೆ ಹಾಗೇ ಇದೆ. ಆದರೆ ನನ್ನ ಹಾಗೆ ಅವ್ವನ ನೆಪ ಹೇಳಿಕೊಂಡು ಬರಬೇಡ. ಕಟ್ಟಿದ ಕಸಿ ಏನಾಯಿತು ಅಂತ ಕಣ್ಣಾರೆ ನೋಡಿಕೊಂಡು ಬಾ. ಇಷ್ಟು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಕೇಳುತ್ತಿದ್ದೇನೆ.

ಮುಂದಿನ ಕಾಗದದಲ್ಲೂ ಆ ಸಾಲು ಬರುವುದಾದರೆ ಬರಲಿ. ಅಂಚಿನಲ್ಲಿ ಬೇಡ, ನಡುವೆಯೇ ದೊಡ್ಡದಾಗಿ ಬರಿ. ಕಮೀಲಿಯಾ ಫೆಬ್ರವರಿ ನಡುವೆ ಅರಳಲು ಶುರುವಾಗುತ್ತದಂತೆ. ಹೋಗಿ ನೋಡಿದರೆ ಅದನ್ನೂ ಬರಿ.

ನಿನ್ನ
ದೊಡ್ಡಪ್ಪ