ಟ್ರ್ಯಾಕ್‌ಗೂ ಆಗುತ್ತೆ ಅಂತ ಮಾರಿದ ಟೈರ್‌ಗೆ, ಟ್ರ್ಯಾಕ್‌ಗೆ ಹೋದ ಮೇಲೆ ವಾರಂಟಿ ಇಲ್ಲವೇ?

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
(ನಾನು ಟೈರ್ ಕೊಂಡ ನಿಮ್ಮ ಬೆಂಗಳೂರು ಶಾಖೆಯ ಗಮನಕ್ಕೂ)

ವಿಷಯ: ಎಡಗಡೆಯ ಎರಡು ಟೈರ್‌ಗಳನ್ನು ಒಳಹೊರಗು ಮಾಡಿ ಹಾಕಿದ್ದು, 2021ರ ಟೈರನ್ನು ಹೊಸ ಸ್ಟಾಕ್ ಅಂತ ಮಾರಿದ್ದು, ಆಮೇಲೆ ವಾರಂಟಿ ನಿರಾಕರಿಸಿದ್ದರ ಬಗ್ಗೆ ದೂರು

ಮಾನ್ಯರೇ,

ಕಳೆದ ಮೇ ತಿಂಗಳಲ್ಲಿ ನನ್ನ ಆಕ್ಟೇವಿಯಾ ಕಾರಿಗೆ ನಿಮ್ಮಲ್ಲಿ ನಾಲ್ಕು ಟೈರ್ ಹಾಕಿಸಿದೆ. ಟೈರ್, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲಾ ಸೇರಿ 43,800 ರೂಪಾಯಿ ಕೊಟ್ಟಿದ್ದೇನೆ. ಅದರಲ್ಲಿ ಎರಡು ಟೈರ್ ಈಗ ಉಪಯೋಗಕ್ಕೆ ಬರುವ ಸ್ಥಿತಿಯಲ್ಲಿಲ್ಲ. ಫೋನ್‌ನಲ್ಲಿ, ಅಂಗಡಿಯ ಕೌಂಟರ್‌ನಲ್ಲಿ, ವಾಟ್ಸಾಪ್‌ನಲ್ಲಿ ಹೇಳಿ ಆಯಿತು. ಪ್ರತಿ ಸಲ ಬೇರೆ ಬೇರೆ ಉತ್ತರ ಬಂತು. ಹಾಗಾಗಿ ಪೂರ್ತಿ ವಿಷಯವನ್ನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ಮೊದಲು, ನಾನು ಕೇಳಿದ್ದು ಏನು ಅನ್ನುವುದು ನಿಮ್ಮ ದಾಖಲೆಯಲ್ಲಿ ಇರಲಿ. ಈ ಕಾರು ದಿನಾ ಆಫೀಸಿಗೆ ಹೋಗುತ್ತದೆ. ಅದೇ ಕಾರಿನಲ್ಲಿ ಬಿಡುವಾದಾಗ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಸರ್ಕ್ಯೂಟ್‌ಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಹೋಗುತ್ತೇನೆ. ಕಾರನ್ನು ಲಾರಿ ಮೇಲೆ ಹಾಕಿಕೊಂಡು ಹೋಗುವ ಅನುಕೂಲ ನನಗಿಲ್ಲ. ಇಲ್ಲಿಂದ ಓಡಿಸಿಕೊಂಡು ಹೋಗಿ, ಅದೇ ಟೈರ್‌ನಲ್ಲಿ ಲ್ಯಾಪ್ ಹಾಕಿ, ಅದೇ ಟೈರ್‌ನಲ್ಲಿ ಮನೆಗೆ ಬರಬೇಕು. ಮಳೆಗಾಲದ ಬೆಂಗಳೂರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡಿಸುವುದೂ ಇದರಲ್ಲೇ.

ಇದನ್ನೆಲ್ಲ ನಿಮ್ಮ ಸಲಹೆಗಾರರಿಗೆ ಬಿಡಿಸಿ ಹೇಳಿದ್ದೆ. ಅದಕ್ಕೇ 200 ಟ್ರೆಡ್‌ವೇರ್‌ನ ತೀರಾ ಮೆತ್ತನೆಯ ಟೈರ್ ಬೇಡ ಅಂದೆ (ಟ್ರೆಡ್‌ವೇರ್ ಅಂದರೆ ಸವೆತ ತಡೆಯುವ ಗುಣದ ಅಂಕಿ, ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ). ಒಣ ಟ್ರ್ಯಾಕ್‌ನಲ್ಲಿ ಅದು ಅದ್ಭುತವಾಗಿ ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಸಾಮಾನ್ಯವಾಗಿ ಆ ಜಾತಿಯ ಟೈರ್‌ನಲ್ಲಿ ಗ್ರೂವ್‌ಗಳು, ಅಂದರೆ ನೀರು ಹೋಗುವ ಕಾಲುವೆಗಳು, ಕಡಿಮೆ. ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಬೇಗ ಸವೆಯುತ್ತದೆ ಕೂಡ. 300ರ ಆಸುಪಾಸಿನ ಟ್ರೆಡ್‌ವೇರ್ ಇರುವ, ಮಳೆಯಲ್ಲೂ ನಂಬಬಹುದಾದ ಪರ್ಫಾರ್ಮೆನ್ಸ್ ಟೈರ್ ಸಾಕು ಅಂದೆ. 17 ಇಂಚಿನ ರಿಮ್‌ಗೆ ಹೋಗಿ, 225/45 ಅಳತೆಯ ಟೈರ್ ಹಾಕಿ, ನೋಡೋಕೂ ಚೆನ್ನಾಗಿರುತ್ತೆ ಅಂತ ನಿಮ್ಮವರು ಬಹಳ ಹೇಳಿದರು. ನಾನು ಒಪ್ಪಲಿಲ್ಲ. 205/55 ಆರ್ 16ಕ್ಕೆ ಹೋಲಿಸಿದರೆ ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆಯ ಎತ್ತರ, ಸುಮಾರು 12 ಮಿಲಿಮೀಟರ್ ಕಡಿಮೆಯಾಗುತ್ತದೆ. ನಮ್ಮ ರಸ್ತೆ ಗುಂಡಿಗಳಲ್ಲಿ ಆ 12 ಮಿಲಿಮೀಟರ್ ರಿಮ್ ಉಳಿಸುತ್ತದೆ. ಕೊನೆಗೆ 205/55 ಆರ್ 16, 91 ಡಬ್ಲ್ಯು (ಹೊರೆ ಮತ್ತು ವೇಗದ ಮಿತಿಯ ಗುರುತು), ಒಳ-ಹೊರ ಬದಿ ಬೇರೆ ಬೇರೆ ಇರುವ ಅಸಿಮೆಟ್ರಿಕ್ ಮಾದರಿ ಅಂತ ತೀರ್ಮಾನವಾಯಿತು. ಟೈರ್ ಆಯ್ಕೆಯ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ಆ ಮಾದರಿ ಒಳ್ಳೆಯದೇ.

ನಿಮ್ಮ ಕೊಟೇಶನ್‌ನಲ್ಲೇ "ಸ್ಟ್ರೀಟ್ + ಟ್ರ್ಯಾಕ್ ಉಪಯೋಗಕ್ಕೆ" ಅಂತ ಬರೆದುಕೊಟ್ಟಿದ್ದೀರಿ. "ಈ ವರ್ಷದ ಸ್ಟಾಕ್" ಅಂತಲೂ ಇದೆ. ಈ ಎರಡು ಸಾಲುಗಳನ್ನು ದಯವಿಟ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಫಿಟ್ಟಿಂಗ್ ಆಗುವಾಗ ಗ್ರಾಹಕರಿಗೆ ಒಳಗೆ ಪ್ರವೇಶ ಇಲ್ಲ ಅಂದರು. ಕಾರು ಹೊರಗೆ ಬಂದಾಗ ಎಡಭಾಗ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಲಗಡೆಯ ಟೈರ್‌ಗಳ ಮೇಲಿನ ತಯಾರಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 0825 ಅಂತ ನಿಮ್ಮ ಹುಡುಗನೇ ತೋರಿಸಿದ. 2025ರ 8ನೇ ವಾರ ತಯಾರಾದದ್ದು, ಸರಿಯಾಗಿದೆ ಅಂದುಕೊಂಡು ದುಡ್ಡು ಕೊಟ್ಟೆ.

ಜೂನ್‌ನಲ್ಲಿ ಮಳೆ ಶುರುವಾಯಿತು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಮುಂದಿದ್ದ ಕ್ಯಾಬ್ ಗಕ್ಕನೆ ನಿಂತಿತು. ನಾನೂ ಗಟ್ಟಿಯಾಗಿ ಬ್ರೇಕ್ ಹಾಕಿದೆ. ಕಾರು ಬಲಕ್ಕೆ ಎಳೆಯಿತು. ಪಕ್ಕದ ಸೀಟಿನಲ್ಲಿ ಅಮ್ಮ ಇದ್ದರು. ಏನೂ ಆಗಲಿಲ್ಲ, ಆದರೆ ಪಕ್ಕದ ಲೇನ್‌ನಲ್ಲಿ ಒಂದು ಬೈಕ್ ಇದ್ದಿದ್ದರೆ ಈ ಪತ್ರ ಬೇರೆ ಥರ ಇರುತ್ತಿತ್ತು. ಅವತ್ತೇ ನಿಮಗೆ ಫೋನ್ ಮಾಡಿದೆ. "ಹೊಸ ಟೈರ್ ಅಲ್ವಾ ಸಾರ್, ಸ್ವಲ್ಪ ಓಡಲಿ, ಸರಿಹೋಗುತ್ತೆ" ಅಂದರು. ಹೊಸ ಟೈರ್ ಮೈಬಿಡಲು ಸ್ವಲ್ಪ ದೂರ ಓಡಬೇಕು ಅನ್ನುವುದು ನಿಜವೇ. ಆದರೆ ಅದು ನಾಲ್ಕೂ ಟೈರ್‌ಗೆ ಒಂದೇ. ಕಾರು ಒಂದೇ ಕಡೆಗೆ ಎಳೆಯುತ್ತಿದೆ ಅಂದಾಗ, ಗಾಡಿ ತನ್ನಿ, ನೋಡೋಣ ಅಂತ ಕರೆಯಬೇಕಿತ್ತು. ಕರೆಯಲಿಲ್ಲ.

ಆಗಸ್ಟ್‌ನಲ್ಲಿ ಮದ್ರಾಸ್ ಸರ್ಕ್ಯೂಟ್‌ನ ಟ್ರ್ಯಾಕ್ ಡೇಗೆ ಹೋದೆ. ಮೊದಲ ಸೆಷನ್‌ನಲ್ಲೇ ಸ್ಟೇರಿಂಗ್ ನಡುಗಲು ಶುರುವಾಯಿತು. ತಕ್ಷಣ ನಿಧಾನ ಮಾಡಿ ಪಿಟ್‌ಗೆ ಬಂದೆ. ಎಡ ಮುಂದಿನ ಟೈರ್‌ನ ಹೊರ ಅಂಚಿನಲ್ಲಿ ಟ್ರೆಡ್ ಬ್ಲಾಕ್‌ಗಳು, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಟ್ಟಿಗಳು, ಉಗುರಿನಗಲದ ಚೂರುಗಳಾಗಿ ಕಿತ್ತು ಬಂದಿದ್ದವು. ಉಳಿದ ಬ್ಲಾಕ್‌ಗಳ ಅಂಚು ಮೇಲಕ್ಕೆ ಸುರುಳಿ ಎದ್ದಿತ್ತು. ಪಕ್ಕದ ಗ್ರೂವ್‌ಗಳಲ್ಲಿ ರಬ್ಬರ್ ಪುಡಿ ತುಂಬಿಕೊಂಡಿತ್ತು. ಬಲ ಮುಂದಿನದು ಹೇಗಿರಬೇಕೋ ಹಾಗೇ ಇತ್ತು: ಮೇಲ್ಮೈ ಮಂಕಾಗಿ, ಸಣ್ಣ ಮರಳು ಕಾಗದದ ಥರ ಒರಟಾಗಿ, ಒಂದು ಚೂರೂ ಕಿತ್ತಿರಲಿಲ್ಲ.

ಪಕ್ಕದ ಪಿಟ್‌ನ ಮೆಕ್ಯಾನಿಕ್ ಒಬ್ಬರು ಬಂದು ಕುಕ್ಕರುಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಸೈಡ್‌ವಾಲ್ ಒರೆಸಿದರು. ನೀವು ಬಳಿದಿದ್ದ ಪಾಲಿಶ್, ಅದರ ಮೇಲೆ ಕೂತಿದ್ದ ಧೂಳು ಎಲ್ಲ ಹೋದ ಮೇಲೆ ಸಣ್ಣ ಅಕ್ಷರ ಕಾಣಿಸಿತು. "ಇನ್‌ಸೈಡ್". ಒಳಮುಖವಾಗಿರಬೇಕಾದ ಬದಿ ಹೊರಗಿತ್ತು. ಎಡ ಹಿಂದಿನದೂ ಹಾಗೇ. ಚಕ್ರ ಬಿಚ್ಚಿ ಹಿಂದೆ ನೋಡಿದರೆ "ಔಟ್‌ಸೈಡ್" ಅನ್ನುವುದರ ಪಕ್ಕದಲ್ಲೇ ತಯಾರಿ ವಾರ ಇತ್ತು. 4721. ಅಂದರೆ 2021ರ 47ನೇ ವಾರ, ನವೆಂಬರ್. ಎರಡೂ ಟೈರ್‌ನಲ್ಲಿ ಅದೇ ಅಂಕಿ.

ಈ ಮಾದರಿಯಲ್ಲಿ ತಯಾರಿ ವಾರ ಇರುವುದು ಹೊರಬದಿಯಲ್ಲಿ ಮಾತ್ರ. ಟೈರ್ ತಿರುಗಿಸಿ ಹಾಕಿದ್ದರಿಂದ ಆ ಅಂಕಿ ಒಳಗೆ ಅಡಗಿ ಹೋಯಿತು. ಬೇಕಂತಲೇ ಹೀಗೆ ಮಾಡಿದ್ರಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಆದರೆ ಹಳೆಯ ಎರಡೂ ಟೈರ್ ಒಂದೇ ಬದಿಗೆ ಹೋಗಿ, ಎರಡೂ ತಿರುಗಿಕೊಂಡಿರುವುದು ಹೇಗೆ ಅನ್ನುವುದನ್ನು ನೀವು ವಿವರಿಸಬೇಕು.

ಸ್ಪೇರ್ ಹಾಕಿಕೊಂಡು, ಹೈವೇಯಲ್ಲಿ ಎಡ ಲೇನ್ ಹಿಡಿದು ನಿಧಾನಕ್ಕೆ ಬೆಂಗಳೂರಿಗೆ ಬಂದೆ. ಮಾರನೇ ದಿನ ಕಿತ್ತ ಟೈರ್ ಜೊತೆ ನಿಮ್ಮ ಅಂಗಡಿಗೆ ಬಂದೆ. ಆಗ ಸಿಕ್ಕ ಉತ್ತರಗಳಿಗೆ ಇಲ್ಲಿ ನನ್ನ ಉತ್ತರ ಕೊಡುತ್ತೇನೆ.

"ತಿರುಗಿಸಿ ಹಾಕಿದ್ರೂ ಏನೂ ಆಗಲ್ಲ" ಅಂದರು. ಅಸಿಮೆಟ್ರಿಕ್ ಟೈರ್ ಮಾಡುವುದೇ ಎರಡು ಬದಿಗೆ ಎರಡು ಕೆಲಸ ಕೊಡುವುದಕ್ಕೆ. ಹೊರಬದಿಯಲ್ಲಿ ದೊಡ್ಡ, ಗಟ್ಟಿ ಬ್ಲಾಕ್‌ಗಳು. ತಿರುವಿನಲ್ಲಿ ಕಾರಿನ ತೂಕ ಬೀಳುವುದು ಅದರ ಮೇಲೆ. ಒಳಬದಿಯಲ್ಲಿ ಸಣ್ಣ ಬ್ಲಾಕ್, ಜಾಸ್ತಿ ಗ್ರೂವ್. ನೀರು ಹೊರಹಾಕುವ ಕೆಲಸ ಹೆಚ್ಚಾಗಿ ಅದರದ್ದು. ಬಲತಿರುವಿನಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಎಡ ಮುಂದಿನ ಟೈರ್‌ನ ಹೊರ ಅಂಚಿಗೆ. ಆ ಜಾಗದಲ್ಲಿ ನೀವು ಸಣ್ಣ ಬ್ಲಾಕ್‌ಗಳನ್ನು ತಂದು ಕೂರಿಸಿದ್ದೀರಿ. ಅವು ಬಾಗಿದವು, ಕಾದವು, ಕಿತ್ತುಕೊಂಡು ಬಂದವು. ಏನೂ ಆಗುವುದಿಲ್ಲ ಅನ್ನುವುದಾದರೆ ಟೈರ್ ಕಂಪನಿ ಅಚ್ಚಿನಲ್ಲೇ ಒಳಗೆ, ಹೊರಗೆ ಅಂತ ಯಾಕೆ ಕೊರೆಸುತ್ತದೆ?

"ಡೇಟ್ ಹಳೆಯದಾದರೂ ಗೋದಾಮಿನಲ್ಲೇ ಇತ್ತು, ಹೊಸದೇ ಲೆಕ್ಕ" ಅಂದರು. ನೆರಳಲ್ಲಿ ಸರಿಯಾಗಿ ಇಟ್ಟ ಮೂರೂವರೆ ವರ್ಷದ ಟೈರ್ ದಿನನಿತ್ಯದ ಓಡಾಟಕ್ಕೆ ಅಪಾಯ ಅಂತ ನಾನೂ ಹೇಳುವುದಿಲ್ಲ. ಆದರೆ ರಬ್ಬರ್ ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಪರ್ಫಾರ್ಮೆನ್ಸ್ ಟೈರ್‌ಗೆ ಜಾಸ್ತಿ ದುಡ್ಡು ಕೊಡುವುದೇ ಆ ಮೆತ್ತನೆಯ ರಬ್ಬರ್‌ಗೆ. ಅದಕ್ಕಿಂತ ಮುಖ್ಯ, ಒಂದೇ ಆಕ್ಸಲ್‌ನಲ್ಲಿ ಬಲಕ್ಕೆ 2025ರದ್ದು, ಎಡಕ್ಕೆ 2021ರದ್ದು, ಅದೂ ತಿರುಗಿಕೊಂಡದ್ದು. ಎರಡು ಬದಿಯ ಹಿಡಿತ ಹೇಗೆ ಒಂದೇ ಆಗಿರುತ್ತದೆ? ಬ್ರೇಕ್ ಹಾಕಿದಾಗ ಹಿಡಿತ ಹೆಚ್ಚಿರುವ ಕಡೆಗೆ ಕಾರು ಎಳೆಯುತ್ತದೆ. ಹೆಬ್ಬಾಳದಲ್ಲಿ ಬಲಕ್ಕೆ ಎಳೆದದ್ದು ಇದಕ್ಕೇ ಅನ್ನುವುದು ನನ್ನ ಖಚಿತ ಅಭಿಪ್ರಾಯ.

"ಈ ಸೈಜಲ್ಲಿ ಸ್ಟಾಕ್ ಸಿಗೋದೇ ಕಷ್ಟ" ಅಂತಲೂ ಹೇಳಿದರು. ಇರಬಹುದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಒಳ್ಳೆಯ ಟೈರ್ ಹುಡುಕುವುದು ನಮ್ಮಂಥವರಿಗೂ ಕಷ್ಟವಾಗಿದೆ. ಹಾಗಿದ್ದರೆ ಇದು ಹಳೆಯದು ಅಂತ ಬಾಯಿಬಿಟ್ಟು ಹೇಳಿ, ಬೆಲೆ ಕಡಿಮೆ ಮಾಡಿ ಕೊಡಿ. ಬೇಕಾದವರು ತಗೊಳ್ಳುತ್ತಾರೆ. ಹೊಸದರ ಬೆಲೆ ತಗೊಂಡು, ಹೊಸದು ಅಂತ ಬರೆದುಕೊಟ್ಟು, ಆಮೇಲೆ ಸ್ಟಾಕ್ ಕಥೆ ಹೇಳುವುದು ಸರಿಯಲ್ಲ.

ಕೊನೆಯ ಉತ್ತರ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು. "ಟ್ರ್ಯಾಕ್‌ನಲ್ಲಿ ಓಡಿಸಿದ್ದೀರಿ, ವಾರಂಟಿ ಇಲ್ಲ." ನಾನು ಟ್ರ್ಯಾಕ್‌ಗೆ ಹೋಗುತ್ತೇನೆ ಅಂತ ಮೊದಲ ದಿನವೇ ಗೊತ್ತಿತ್ತು. ಅದನ್ನೇ ಕಾರಣವಾಗಿ ಇಟ್ಟುಕೊಂಡು ದುಬಾರಿ ಟೈರ್ ಮಾರಿದಿರಿ. ಸೈಡ್‌ವಾಲ್ ಮೇಲಿನ "ಟ್ರ್ಯಾಕ್ಷನ್ ಎಎ" ತೋರಿಸಿ, ಟ್ರ್ಯಾಕ್‌ಗೆ ಇದಕ್ಕಿಂತ ಬೇಕಾ ಸಾರ್ ಅಂತ ನಿಮ್ಮವರೇ ಕೇಳಿದ್ದರು. ಆ ಗ್ರೇಡ್ ಅಳೆಯುವುದು ಒದ್ದೆ ನೆಲದ ಮೇಲೆ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ. ತಿರುವಿನ ಹಿಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಟೈರ್ ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು.

ಟೈರ್ ಕಂಪನಿಗಳು ಸಾಮಾನ್ಯವಾಗಿ ರೇಸ್‌ಗೆ ವಾರಂಟಿ ಕೊಡುವುದಿಲ್ಲ, ಅದು ನನಗೂ ಗೊತ್ತು. ನಾನು ಕಂಪನಿಯ ವಾರಂಟಿ ಕೇಳುತ್ತಲೇ ಇಲ್ಲ. ಟೈರ್ ತಯಾರಿಕೆಯಲ್ಲಿ ದೋಷ ಇದೆ ಅಂತಲೂ ನನ್ನ ದೂರಲ್ಲ. ದೋಷ ನಿಮ್ಮ ಫಿಟ್ಟಿಂಗ್‌ನಲ್ಲಿದೆ, ನಿಮ್ಮ ಮಾರಾಟದಲ್ಲಿದೆ. ಹೋಗಲಿ ಅಂದರೂ, ಅದೇ ಟ್ರ್ಯಾಕ್‌ನಲ್ಲಿ, ಅದೇ ಸೆಷನ್‌ನಲ್ಲಿ ಓಡಿದ ಬಲಗಡೆಯ ಟೈರ್‌ಗಳಿಗೆ ಯಾಕೆ ಏನೂ ಆಗಿಲ್ಲ? ಗಾಳಿಯ ಒತ್ತಡ ತಪ್ಪಿತ್ತೇನೋ ಅಂತಲೂ ಕೇಳಿದಿರಿ. ಟ್ರ್ಯಾಕ್‌ಗೆ 40 ಹಾಕಿಕೊಳ್ಳಿ ಅಂದಿದ್ದು ನಿಮ್ಮವರು, ನಾನು ಹಾಕಲಿಲ್ಲ. ತಣ್ಣಗಿದ್ದಾಗ ನಾಲ್ಕಕ್ಕೂ 32 ಪಿಎಸ್‌ಐ ಇಟ್ಟಿದ್ದೆ. ಪಿಟ್‌ಗೆ ಬಂದ ಕೂಡಲೇ ಅಳೆದಾಗ ಮುಂದಿನ ಎರಡರಲ್ಲೂ 38ರ ಆಸುಪಾಸು ಇತ್ತು. ಬಿಸಿಯಾದಾಗ ಏರುವುದು ಸಹಜ. ಗೇಜ್‌ನ ಫೋಟೋಗಳಿವೆ.

ಅಲೈನ್‌ಮೆಂಟ್‌ಗೆ ದುಡ್ಡು ತಗೊಂಡಿದ್ದೀರಿ, ರಿಪೋರ್ಟ್ ಇನ್ನೂ ಕೊಟ್ಟಿಲ್ಲ. ಅದನ್ನೂ ಕಳಿಸಿ.

ಹಳೆಯ ಸರಕನ್ನು ಹೊಸದು ಅಂತ ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಪ್ಪಾಗಿ ಫಿಟ್ ಮಾಡಿದ್ದು ಸೇವಾ ನ್ಯೂನತೆ. ನನ್ನ ಬೇಡಿಕೆ ಇಷ್ಟೇ. ನಾಲ್ಕೂ ಟೈರ್ ವಾಪಸ್ ತಗೊಂಡು, ಒಂದೇ ಮಾದರಿಯ, 2025ರಲ್ಲೇ ತಯಾರಾದ ನಾಲ್ಕು ಟೈರ್ ಹಾಕಿಕೊಡಿ. ಎಡಗಡೆ ಎರಡು ಮಾತ್ರ ಬದಲಿಸಿದರೆ ಮತ್ತೆ ಎಡ ಬಲ ವ್ಯತ್ಯಾಸವೇ ಉಳಿಯುತ್ತದೆ, ಯಾಕಂದ್ರೆ ಬಲಗಡೆಯವು ಇಷ್ಟರಲ್ಲಿ ಸವೆದಿವೆ. ನಾಲ್ಕು ಸಿಗದಿದ್ದರೆ 43,800 ರೂಪಾಯಿ ಪೂರ್ತಿ ವಾಪಸ್ ಕೊಡಿ. ಹೊಸದು ಹಾಕುವಾಗ ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಪ್ರತಿ ಟೈರ್‌ನ ತಯಾರಿ ವಾರವನ್ನು ಬಿಲ್ ಮೇಲೆ ಬರೆದುಕೊಡಬೇಕು.

ಇನ್ನೆರಡು ಮಾತು. ಆ 4721 ಲಾಟ್‌ನ ಟೈರ್ ಬೇರೆ ಯಾರಿಗೆಲ್ಲ ಹೋಗಿದೆಯೋ ಅವರಿಗೆ ಫೋನ್ ಮಾಡಿ ಕರೆಸಿ, ಒಳ-ಹೊರ ಪರೀಕ್ಷಿಸಿ. ಅವರಲ್ಲಿ ಹೆಚ್ಚಿನವರು ಟ್ರ್ಯಾಕ್‌ಗೆ ಹೋಗುವುದಿಲ್ಲ. ಚಕ್ರ ಬಿಚ್ಚಿ ನೋಡುವ ಸಂದರ್ಭವೇ ಅವರಿಗೆ ಬರುವುದಿಲ್ಲ. ಮಳೆಯಲ್ಲಿ ಬ್ರೇಕ್ ಹಾಕುವ ಸಂದರ್ಭ ಮಾತ್ರ ದಿನಾ ಬರುತ್ತದೆ. ಹಾಗೇ, ಟೈರ್ ಹಾಕಿದ ಹುಡುಗನ ಸಂಬಳಕ್ಕೆ ದಯವಿಟ್ಟು ಕೈ ಹಾಕಬೇಡಿ. ಒಳ-ಹೊರ ನೋಡಿ ಹಾಕಬೇಕು ಅಂತ ಅವನಿಗೆ ಕಲಿಸಬೇಕಾದದ್ದು ನೀವು. ಹೊರಗೆ ಬಿಡುವ ಮುಂಚೆ ಪರೀಕ್ಷಿಸಿ ಸಹಿ ಹಾಕಿದ ಸೂಪರ್‌ವೈಸರ್ ಬೇರೆ ಇದ್ದಾರೆ. ಜಾಬ್ ಕಾರ್ಡ್‌ನಲ್ಲಿ ಅವರ ಸಹಿ ಇದೆ.

ಕೊಟೇಶನ್, ಬಿಲ್, ಜಾಬ್ ಕಾರ್ಡ್, ನಾಲ್ಕೂ ಟೈರ್‌ನ ಎರಡೂ ಬದಿಯ ಫೋಟೋ, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ. ಕಿತ್ತ ಟೈರ್ ನನ್ನ ಹತ್ತಿರವೇ ಇದೆ. ಯಾರನ್ನು ಬೇಕಾದರೂ ಕಳಿಸಿ ನೋಡಬಹುದು, ಆದರೆ ಇತ್ಯರ್ಥ ಆಗುವ ತನಕ ಅದನ್ನು ಕೈಬಿಟ್ಟು ಕೊಡುವುದಿಲ್ಲ. ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ಬಿಲ್‌ನಲ್ಲಿ ಹೆಸರಿರುವ ನಿಮ್ಮ ಗ್ರಾಹಕ
ಬೆಂಗಳೂರು