ಅಕ್ಕನಿಗೆ, ಈಸ್ಟ್ ಹ್ಯಾಮ್‌ನಿಂದ

ಲಂಡನ್
30 ಏಪ್ರಿಲ್ 2020, ಗುರುವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ಮಾಡುವ ನಮಸ್ಕಾರಗಳು.

ಇತ್ತ ನಾವಿಬ್ಬರೂ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಯುವುದು. ಹಿಂದೆಲ್ಲ ಈ ಸಾಲನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಫೋನು ಬಂದ ಮೇಲೆ ಅದೂ ಬಿಟ್ಟುಹೋಯಿತು. ಇವತ್ತು 'ಕ್ಷೇಮ' ಅಂತ ಬರೆದು, ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ವಿಮಾನಗಳೇ ಹಾರದಿರುವಾಗ ಅಂಚೆ ಯಾವಾಗ ತಲುಪುತ್ತದೋ ಏನೋ. ಬರೆದು ಮುಗಿಸಿ, ಫೋಟೋ ತೆಗೆದು ನಿನ್ನ ಮೊಮ್ಮಗನ ವಾಟ್ಸಾಪಿಗೆ ಕಳಿಸುತ್ತೇನೆ, ಅವನ ಕೈಲಿ ಓದಿಸು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನೀನು 'ಊಟ ಆಯ್ತಾ, ಹೊರಗೆ ಹೋಗಬೇಡ' ಅಂತೀಯ, ನಾನು 'ಹ್ಞೂಂ' ಅಂತೀನಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಫೆಬ್ರವರಿ 28ಕ್ಕೆ ರಿಟೈರ್ ಆದೆನಲ್ಲ, ಆವತ್ತು ಬಸ್ ಡಿಪೋದಲ್ಲಿ ಕೇಕ್ ಕತ್ತರಿಸುವಾಗ ತಲೆಯಲ್ಲಿ ಇದ್ದದ್ದು ನಿನ್ನ ಮನೆಯ ಒಬ್ಬಟ್ಟು. ಮಾರ್ಚ್ 24ಕ್ಕೆ ಟಿಕೆಟ್ ಆಗಿತ್ತು. ಯುಗಾದಿ ದಿನ ಬೆಳಗ್ಗೆ ಬೆಂಗಳೂರು, ಮಧ್ಯಾಹ್ನದ ಊಟಕ್ಕೆ ಅರಕಲಗೂಡು. ಅಷ್ಟರಲ್ಲಿ ಈ ಕೊರೊನಾ ಅಂತ 18ಕ್ಕೆ ಇಲ್ಲಿಂದ ಬರುವವರನ್ನು ಇಂಡಿಯಾ ತಡೆಯಿತು, 22ಕ್ಕೆ ಹೊರದೇಶದ ವಿಮಾನವೆಲ್ಲ ಬಂದ್. 23ರ ರಾತ್ರಿ ಇಲ್ಲಿನ ಪ್ರಧಾನಿ ಟಿವಿಯಲ್ಲಿ ಬಂದು 'ಮನೆಯಲ್ಲೇ ಇರಿ' ಅಂದರು. ಎರಡು ವಾರ ಕಳೆಯುವುದರೊಳಗೆ ಅವರೇ ಐಸಿಯುನಲ್ಲಿ ಮಲಗಿದ್ದರು. ನಮ್ಮ ಮನೆಯಿಂದ ಎರಡು-ಮೂರು ಮೈಲಿ ದೂರದ ಒಂದು ಎಕ್ಸಿಬಿಷನ್ ಹಾಲನ್ನು 4,000 ಹಾಸಿಗೆ ಹಾಕಬಹುದಾದ ಆಸ್ಪತ್ರೆ ಮಾಡಿದ್ದಾರೆ. ಈ ದೇಶದಲ್ಲಿ ಸತ್ತವರ ಲೆಕ್ಕ ನಿನ್ನೆಗೆ 26,000 ದಾಟಿತು. ಹಾಸನ ಜಿಲ್ಲೆಯಲ್ಲಿ ಒಂದೂ ಕೇಸ್ ಇಲ್ಲ ಅಂತ ಕೇಳಿ ಎಷ್ಟು ಸಮಾಧಾನ ಆಯಿತು ಗೊತ್ತಾ. ಹಾಗೇ ಇರಲಿ.

ನಿನಗೆ ಅಂತ ಕಟ್ಟಿದ್ದ ಸೂಟ್‌ಕೇಸ್ ಇನ್ನೂ ಬಾಗಿಲ ಹಿಂದೆ ನಿಂತಿದೆ. ಬಿಚ್ಚಿದರೆ ಬರುವುದಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುತ್ತದೆ ಅಂತ ಇವಳು ಮುಟ್ಟಲು ಬಿಟ್ಟಿರಲಿಲ್ಲ. ಏಪ್ರಿಲ್ ಎರಡನೇ ವಾರ ಮಾತ್ರ ಒಂದು ತಪ್ಪಾಯಿತು. ಟೀ ಜೊತೆಗೆ ಏನೂ ಇರಲಿಲ್ಲ, ಜಿಪ್ ಅರ್ಧ ಎಳೆದು ಬಿಸ್ಕತ್ತಿನ ಡಬ್ಬಿ ಒಂದನ್ನು ತೆಗೆದೆವು. ಮಕ್ಕಳಿಗೆ ಇಟ್ಟಿದ್ದ ಚಾಕಲೇಟಿನ ಕಥೆ ಕೇಳಬೇಡ.

ಊಟಕ್ಕೆ ತೊಂದರೆ ಇಲ್ಲ. ಇಲ್ಲಿನ ಜನ ಮೊದಲು ಟಾಯ್ಲೆಟ್ ಪೇಪರಿಗೆ ಮುಗಿಬಿದ್ದರು, ಆಮೇಲೆ ಹಿಟ್ಟಿಗೆ. ಎಲ್ಲರಿಗೂ ಒಟ್ಟಿಗೆ ಬ್ರೆಡ್ ಮಾಡುವ ಆಸೆ ಬಂದುಬಿಟ್ಟಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಮೈದಾ ಇಟ್ಟಿದ್ದ ಜಾಗ ಬಳಿದ ಹಾಗೆ ಖಾಲಿ. ನಾನು ಎರಡು ಮೀಟರ್ ದೂರ ದೂರ ನಿಂತಿದ್ದ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ನಮ್ಮ ತಮಿಳರ ಅಂಗಡಿಗೆ ಹೋದರೆ, ಅಲ್ಲಿ ರಾಗಿ ಹಿಟ್ಟಿನ ಚೀಲಗಳನ್ನು ಒಬ್ಬರೂ ಮುಟ್ಟಿಲ್ಲ! ಎರಡು ಚೀಲ ಹೊತ್ತು ತಂದೆ. ಹತ್ತೊಂಬತ್ತು ವರ್ಷ ಡಬ್ಬಿಯಲ್ಲಿ ತಣ್ಣಗಾದ ಅನ್ನ ತಿಂದವನು ನಾನು. ಶಿಫ್ಟ್ ಬೆಳಗಿನ ಜಾವ ನಾಲ್ಕೂವರೆಗೆ ಶುರುವಾದರೆ ಊಟದ ಹೊತ್ತು ಅಂತ ಒಂದು ಇರುವುದಿಲ್ಲ. ಈಗ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಬಿಸಿ ಮುದ್ದೆ, ಮುರಿದರೆ ಹಬೆ ಮುಖಕ್ಕೆ ಬರಬೇಕು. ಮೊದಲ ದಿನ ತಿನ್ನುತ್ತಾ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಆಯ್ತಾ ಅಂತ ಇವಳು ಕೇಳಿದಳು. ಹೌದು ಅಂದೆ.

ಈಗ ಯಾಕೆ ಬರೆಯಲು ಕೂತೆ ಅಂತ ಹೇಳುತ್ತೇನೆ.

ಅಪ್ಪ ರಿಟೈರ್ ಆದ ಮೇಲೆ ರಾತ್ರಿ ಊಟ ಮುಗಿಸಿ ಜಗಲಿ ಮೇಲೆ ಕೂರುತ್ತಿದ್ದರಲ್ಲ, ನೈಟ್ ಹಾಲ್ಟ್ ಬಸ್ಸು ಬರುವವರೆಗೂ. ಕೆರೆ ಏರಿ ಮೇಲೆ ಗೇರ್ ಬದಲಾಯಿಸುವ ಸದ್ದು ಕೇಳಿಯೇ 'ಇವತ್ತು ಹೊಸಬ, ಕ್ಲಚ್ ತಿಂತಾ ಇದ್ದಾನೆ' ಅಂತ ಬೈಯುತ್ತಿದ್ದರು. ನಾವು ನಗುತ್ತಿದ್ದೆವು. ಅಕ್ಕ, ಈಗ ನಾನು ಅದೇ ಕೆಲಸ ಮಾಡುತ್ತಿದ್ದೇನೆ. ಹತ್ತಿರದ ಸಿಟಿ ಏರ್‌ಪೋರ್ಟ್ ಮುಚ್ಚಿದೆ, ರಸ್ತೆಯಲ್ಲಿ ಕಾರಿಲ್ಲ. ಬಸ್ಸು ತಿರುವಿನಲ್ಲಿ ಇರುವಾಗಲೇ ಕಿವಿಗೆ ಬೀಳುತ್ತದೆ. ಎದ್ದು ಕಿಟಕಿಗೆ ಹೋಗುತ್ತೇನೆ. ಮೇಲೆ ಕೆಳಗೆ ಎಲ್ಲಾ ದೀಪ ಹಾಕಿಕೊಂಡು, ಒಳಗೆ ಒಬ್ಬರೋ ಇಬ್ಬರೋ ಮಾಸ್ಕ್ ಹಾಕಿದ ನರ್ಸುಗಳನ್ನು ಕೂರಿಸಿಕೊಂಡು, ಟೈಮಿಗೆ ಸರಿಯಾಗಿ ಬರುತ್ತದೆ. ಡ್ರೈವರ್ ಕೈ ಎತ್ತುತ್ತಾನೆ, ನಾನೂ ಎತ್ತುತ್ತೇನೆ.

ಲಂಡನ್ನಿನಲ್ಲಿ ಬಸ್ ಡ್ರೈವರುಗಳು ಹಲವರು ಹೋದರು, ಅಕ್ಕ. ನೀನು ಟಿವಿಯಲ್ಲಿ ನೋಡಿರಬಹುದು. ಕ್ಯಾಬಿನ್ನಿನ ಗಾಜಿನಲ್ಲಿ ಮಾತಾಡಲು ಇದ್ದ ತೂತುಗಳನ್ನು ಆಮೇಲೆ ಮುಚ್ಚಿದರು. ಮುಂದಿನ ಬಾಗಿಲಲ್ಲಿ ಹತ್ತಬೇಡಿ, ನಡುವಿನ ಬಾಗಿಲಲ್ಲಿ ಹತ್ತಿ ಅಂತ ಮಾಡಿದ್ದು ಈ ತಿಂಗಳು 20ಕ್ಕೆ. ಮೊದಲೇ ಮಾಡಬಹುದಿತ್ತು ಅಂತ ನನ್ನ ಜೊತೆಯವರೆಲ್ಲ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಘಾನಾ ದೇಶದವನೊಬ್ಬ ನನ್ನ ಜೊತೆ ಹದಿನಾಲ್ಕು ವರ್ಷ ಟೀ ಕುಡಿದ. ಒಮ್ಮೆ ನೀನು ಫೋನ್ ಮಾಡಿದಾಗ ಕಿತ್ತುಕೊಂಡು 'ನಮಸ್ಕಾರ' ಅಂದಿದ್ದನಲ್ಲ, 'ಯಾರೋ ಅದು?' ಅಂತ ನೀನು ಗಾಬರಿಯಾಗಿದ್ದೆ. ಅವನು. ಅವನಿಗೆ ಇನ್ನೂ ಮೂರು ವರ್ಷ ಸರ್ವೀಸ್ ಇತ್ತು. ಏಪ್ರಿಲ್ ಮೊದಲ ವಾರ ಹೋದ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆವು, ಏಳೆಂಟು ಜನ ದೂರ ದೂರ ನಿಂತಿದ್ದರು.

ಆ ರಾತ್ರಿ ಇವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿ 'ಸರಿಯಾದ ಹೊತ್ತಿಗೆ ರಿಟೈರ್ ಮಾಡಿಸಿ ಕಾಪಾಡಿದೆಯಪ್ಪ' ಅಂದಳು. ನನಗೆ ಸಿಟ್ಟು ಬಂತು. ಹಾಗಾದರೆ ಅವನೇನು ಪಾಪ ಮಾಡಿದ್ದ ಅಂದೆ. 'ಅದೆಲ್ಲ ನನಗೆ ಗೊತ್ತಿಲ್ಲ, ಕೈ ಮುಗಿರಿ' ಅಂದಳು. ಮುಗಿದೆ. ರಿಟೈರ್ ಆಗುವುದು ನಾಲ್ಕು ವಾರ ತಡವಾಗಿದ್ದರೆ ಆ ಕ್ಯಾಬಿನ್ನಿನಲ್ಲಿ ನಾನು. ತಿಂಗಳಿಗೆ ಸರಿಯಾಗಿ ಪೆನ್ಷನ್ ಬರುತ್ತದೆ, ಬಿಸಿ ಮುದ್ದೆ ತಿಂದು ಮಲಗುತ್ತೇನೆ. ಇದನ್ನು ಪುಣ್ಯ ಅನ್ನಬೇಕು, ಗೊತ್ತು. ಅಂದರೆ ಗಂಟಲು ಕಟ್ಟುತ್ತದೆ, ಅಷ್ಟೇ.

ನಮ್ಮಲ್ಲಿ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ ಅಲ್ವಾ. ಅಪ್ಪನಿಗೆ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಆದರೆ ಇಳಿಯುವಾಗ ಸೀಟಿನ ಪಕ್ಕ ಅವರೆಕಾಯಿಯ ಗಂಟೋ, ನಾಲ್ಕು ಬಾಳೆಹಣ್ಣೋ ಇಟ್ಟು ಹೋಗುತ್ತಿದ್ದರು. ಸೊಗಡಿನ ಅವರೆ ಬಂದರೆ ಆವತ್ತು ಮನೆಯಲ್ಲಿ ಹಬ್ಬ, ನೀನೇ ಕೂತು ಬಿಡಿಸುತ್ತಿದ್ದೆ. ಅದು ನೆನಪಾಗಿ ಇವಳ ಹತ್ತಿರ ಕೋಡುಬಳೆ ಮಾಡಿಸಿದೆ. ದಿನಕ್ಕೊಂದು ಸಲ ವಾಕಿಂಗ್ ಹೋಗಲು ಬಿಡುತ್ತಾರೆ. ಹನ್ನೊಂದು ಸ್ಟಾಪ್ ನಡೆದೆ, ನನ್ನದೇ ರೂಟ್. ಅಷ್ಟು ವರ್ಷ ಓಡಿಸಿದ ರಸ್ತೆಯಲ್ಲಿ ಒಂದು ಮನೆ ಮುಂದೆ ಅಂಥ ಮ್ಯಾಗ್ನೋಲಿಯಾ ಮರ ಇದೆ ಅಂತಲೇ ಗೊತ್ತಿರಲಿಲ್ಲ. ಡ್ರೈವರ್ ಕಣ್ಣು ಕನ್ನಡಿ ಬಿಟ್ಟು ಎಲ್ಲಿ ಹೋಗುತ್ತದೆ ಹೇಳು. ಇವಳು ಡೆಟಾಲ್ ಹಾಕಿ ಮೂರು ಸಲ ಒರೆಸಿದ ಡಬ್ಬಿಯನ್ನು ಡಿಪೋ ಗೇಟಿನ ಹತ್ತಿರ ಇಟ್ಟು ದೂರ ಹೋಗಿ ನಿಂತೆ. ಹತ್ತು ನಿಮಿಷಕ್ಕೆ ಖಾಲಿ ಅಂತ ಸಂಜೆ ಫೋನ್ ಬಂತು. ಖಾರ ಕಡಿಮೆ ಮಾಡು ಅಂದರಂತೆ. ಮುಂದಿನ ವಾರವೂ ಬೇಕು ಅಂತ ಅರ್ಥ.

ಇವತ್ತು ಇಲ್ಲಿ ಟಾಮ್ ಮೂರ್ ಅನ್ನುವ ಮುದುಕರೊಬ್ಬರಿಗೆ ನೂರು ತುಂಬಿತು. ಯುದ್ಧದ ಕಾಲದಲ್ಲಿ ಇಂಡಿಯಾ, ಬರ್ಮಾದಲ್ಲಿ ಇದ್ದವರು. ವಾಕರ್ ಹಿಡಿದು ಮನೆಯ ತೋಟದಲ್ಲಿ ನೂರು ಸುತ್ತು ನಡೆದು ಆಸ್ಪತ್ರೆಯವರಿಗೆ ಮೂರು ಕೋಟಿ ಪೌಂಡಿನ ಮೇಲೆ ಎತ್ತಿಕೊಟ್ಟರು. ಭಾವನಿಗೆ ಹೇಳು, ಎಂಬತ್ತಕ್ಕೇ ಸೊಂಟ ಹಿಡಿಯಿತು ಅಂತ ಮಂಚ ಬಿಡುವುದಿಲ್ಲವಲ್ಲ.

ಆಲೂಗಡ್ಡೆ ಬಿತ್ತನೆ ಬೀಜ ಬಂತಾ? ಲಾರಿ ಓಡಾಡುತ್ತಿದೆಯಾ? ನನ್ನ ಪಾಲಿನ ಹೊಲವನ್ನು ಈ ವರ್ಷವೂ ನೀವೇ ನೋಡಿಕೊಳ್ಳಿ.

ಎಂಟು ಗಂಟೆ ಆಗುತ್ತಾ ಬಂತು. ಗುರುವಾರ ಎಂಟಕ್ಕೆ ಎಲ್ಲರೂ ಬಾಗಿಲಿಗೆ ಬಂದು ಆಸ್ಪತ್ರೆಯವರಿಗೆ ಅಂತ ಚಪ್ಪಾಳೆ ತಟ್ಟುತ್ತಾರೆ, ಇವಳು ತಟ್ಟೆ ಸೌಟು ಹಿಡಿದು ಆಗಲೇ ಕರೆಯುತ್ತಿದ್ದಾಳೆ. ಆ ಹೊತ್ತಿಗೆ ನಮ್ಮ ಬಸ್ಸೂ ಬರುತ್ತದೆ.

ನಿನ್ನ ಮೊಣಕಾಲಿಗೆ ತಂದ ಪಟ್ಟಿ ಸೂಟ್‌ಕೇಸಿನಲ್ಲಿ ಭದ್ರವಾಗಿದೆ. ಹೆದರಬೇಡ, ಅದನ್ನು ತಿನ್ನಲು ಆಗುವುದಿಲ್ಲ.

ಇಂತಿ ನಿನ್ನ ತಮ್ಮ