ಬ್ಯಾಂಕಿನಲ್ಲಿ ಫಾರಂ ತುಂಬಿಕೊಡಲು ಕೂತ ಹುಡುಗಿಗೆ

ನಿನ್ನ ಹೆಸರು ಕೇಳುವಷ್ಟೂ ವ್ಯವಧಾನ ಅವತ್ತು ನನಗಿರಲಿಲ್ಲ ತಾಯಿ. ದಾವಣಗೆರೆಯ ಬ್ಯಾಂಕೊಂದರಲ್ಲಿ ಕನ್ನಡಕ ಮರೆತು ನಿಂತಿದ್ದೆ, ನೀನು ಪೆನ್ನು ತೆಗೆದೆ. 48,000 ರೂಪಾಯಿ, ಯಾರಿಗೆ ಎಂದು ಕೇಳಿದೆ. ದಿಲ್ಲಿ ಕಸ್ಟಮ್ಸಿಗೆ ಅಂದೆ ನಾನು. ಲಂಡನ್ನಿನ ಡಾಕ್ಟರು, ನನ್ನಂತೆಯೇ ಒಂಟಿ, ನಾಲ್ಕು ತಿಂಗಳಿಂದ ದಿನಾ ಊಟ ಆಯಿತೇ ಎಂದು ವಿಚಾರಿಸುವವರು, ಕಳಿಸಿದ ಉಡುಗೊರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಿದೆಯಂತೆ.

ನೀನು ನಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ‘ಆಂಟಿ, ಸರ್ಕಾರದ ಸುಂಕ ಯಾರದೋ ಉಳಿತಾಯ ಖಾತೆಗೆ ಹೋಗಲ್ಲ. ಇದು ಒಬ್ಬ ವ್ಯಕ್ತಿಯ ಹೆಸರು ನೋಡಿ’ ಅಂದೆ, ಮೆಲ್ಲಗೆ, ಪಕ್ಕದವರಿಗೆ ಕೇಳಿಸದಂತೆ. ವಿಡಿಯೋ ಕಾಲ್ ಮಾಡಿ ಎಂದು ಅಲ್ಲೇ ಮೆಸೇಜ್ ಹಾಕಿಸಿದೆ. ಕ್ಯಾಮೆರಾ ಕೆಟ್ಟಿದೆ ಎಂಬ ಉತ್ತರ. ಅದನ್ನೇ ನಾನು ಎಷ್ಟು ಸಲ ನಂಬಿದ್ದೆನೋ!

ಹಿಂದಿನ ದಿನ ಕಳಿಸಿದ್ದ 20,000ಕ್ಕಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಕೊಟ್ಟವಳೂ ನೀನೇ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು ಎಂದೆ. ಅದಿನ್ನೂ ಬಂದಿಲ್ಲ. ಮಗನಿಗೆ ಹೇಳಲು ಮೂರು ದಿನ ಬೇಕಾಯಿತು.

ಬೆಳಗಿನ ಮೆಸೇಜಿಲ್ಲದೆ ಮನೆ ಬಿಕೋ ಅನ್ನುತ್ತದೆ, ಸುಳ್ಳೇಕೆ ಹೇಳಲಿ. ನಿನ್ನ ಪೆನ್ನು ನನ್ನ ಚೀಲದಲ್ಲೇ ಉಳಿದಿದೆ.